ಬಾಳಿಕೆ ಬರುವುದು ಯಾರಿಗೆ?

ಕನ್ನಡದಲ್ಲಿ ಒಂದು ವಸ್ತು ಬಹುಕಾಲ ಉಳಿದರೆ ಅದು ‘ಬಾಳಿಕೆ ಬಂತು’ ಎನ್ನುತ್ತೇವೆ. ಚಪ್ಪಲಿ ಬಾಳಿಕೆ ಬರುತ್ತದೆ, ಕೊಡ ಬಾಳಿಕೆ ಬರುತ್ತದೆ, ಸೀರೆ ಬಾಳಿಕೆ ಬರುತ್ತದೆ. ಬಾಳುವುದು ಮನುಷ್ಯರ ಪಾಡು. ಅದೇ ಪದವನ್ನು ವಸ್ತುವಿಗೂ ಕೊಟ್ಟುಬಿಟ್ಟಿದ್ದೇವೆ. ಈಚೆಗೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈ ಪದದ ಜಾಗಕ್ಕೆ ಇನ್ನೊಂದು ಮಾತು ಬಂದಿದೆ: ‘ಮೇಂಟೆನೆನ್ಸ್ ಏನೂ ಇರಲ್ಲ.’ ಎರಡೂ ಒಂದೇ ಎಂಬಂತೆ ಕೊಡುವವರೂ ಕೊಳ್ಳುವವರೂ ಮಾತಾಡುತ್ತಾರೆ. ಆದರೆ ಬಾಳಿಕೆ ಬಂದ ತಾಮ್ರದ ಕೊಡವನ್ನು ಯಾರೋ ಹುಣಸೆಹಣ್ಣು ಹಾಕಿ ವರ್ಷಗಟ್ಟಲೆ ತಿಕ್ಕಿರುತ್ತಾರೆ. ಬಾಳಿಕೆ ಬಂದ ಚಪ್ಪಲಿಗೆ ಎರಡು ಸಲವಾದರೂ ಹೊಲಿಗೆ ಬಿದ್ದಿರುತ್ತದೆ. ಮೇಂಟೆನೆನ್ಸ್ ಇಲ್ಲದ ವಸ್ತು ಕೊಡುವ ಭರವಸೆ ಬೇರೆ: ನನ್ನನ್ನು ತಂದಿಟ್ಟು ನೀವು ಮರೆತುಬಿಡಬಹುದು.

ಮರೆತುಬಿಡಬಹುದಾದ ವಸ್ತುವನ್ನು ಬಯಸುವುದರಲ್ಲಿ ತಪ್ಪೇನು? ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುವವರು ಬಹಳ ಮಂದಿ. ಆಧುನಿಕತೆಯ ಸೋಮಾರಿತನ ಎಂದು ಬೈಯುವವರೂ ಇದ್ದಾರೆ, ಮುಖ್ಯವಾಗಿ ಬರವಣಿಗೆಯ ಲೋಕದಲ್ಲಿ. ಎರಡು ಉತ್ತರಗಳೂ ನನಗೆ ಸಾಲದಾದವು, ಏಕೆಂದರೆ ನಮ್ಮ ಮನೆಯಲ್ಲಿ ಈ ಪ್ರಶ್ನೆ ಒಂದು ಅಟ್ಟದ ರೂಪದಲ್ಲಿ ಎದುರು ನಿಂತಿತ್ತು.

ಹುಳಿಯಾರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಊರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕುಗಳ ಬದುಕು ತೆಂಗಿನ ಮೇಲೆ ನಿಂತಿದೆ. ಇಲ್ಲಿ ಹೆಚ್ಚಾಗಿ ಮಾಡುವುದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಸುರಿದು ಎಂಟು ತಿಂಗಳಿಂದ ಒಂದು ವರ್ಷ ಬಿಡಬೇಕು. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಮೇಲೆ ಸುಲಿದು, ಒಳಗಿನ ಉಂಡೆ ಸೀಳದಂತೆ ಚಿಪ್ಪು ಒಡೆದು, ಚೀಲ ತುಂಬಿ ತಿಪಟೂರಿನ ಎಪಿಎಂಸಿಗೆ ಒಯ್ಯುತ್ತಾರೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಬೆಲೆ ಬಿದ್ದಾಗ ಕಾಯಿ ಅಟ್ಟದಲ್ಲೇ ಇನ್ನಷ್ಟು ದಿನ ಇರುತ್ತದೆ. ಮಗಳ ಮದುವೆ, ಮಗನ ಫೀಸು, ಬೋರ್‌ವೆಲ್ಲಿನ ಸಾಲ ಎಲ್ಲವೂ ಆ ಅಟ್ಟದ ಮೇಲೆ ಒಣಗುತ್ತಾ ಕಾಯುತ್ತಿರುತ್ತವೆ.

ಅಟ್ಟ ಎಂದರೆ ಬರೀ ಹಲಗೆ ಹಾಸಿದ ಮಹಡಿಯಲ್ಲ. ಅದರ ಅಡಿಯಿಂದ ಗಾಳಿಯಾಡಬೇಕು. ಆದ್ದರಿಂದ ತೊಲೆಗಳ ಮೇಲೆ ಅಡಿಕೆಯ ಅಥವಾ ಬಿದಿರಿನ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸುತ್ತಾರೆ. ಸಂದು ಕಡಿಮೆಯಾದರೆ ತಳದ ಕಾಯಿ ಬೂಸಲು ಹಿಡಿಯುತ್ತದೆ, ಹೆಚ್ಚಾದರೆ ದಬ್ಬೆ ಭಾರ ತಾಳುವುದಿಲ್ಲ. ಸಿಪ್ಪೆ ಸಮೇತ ಒಂದು ಕಾಯಿ ಸರಿಸುಮಾರು ಒಂದು ಕಿಲೋ ತೂಗುತ್ತದೆ ಎಂದುಕೊಂಡರೆ ಹತ್ತು ಸಾವಿರ ಕಾಯಿ ಸುರಿದ ಅಟ್ಟದ ಮೇಲೆ ಹತ್ತು ಟನ್ ಇರುತ್ತದೆ. ತುಂಬಿದ ಲಾರಿಯೊಂದನ್ನು ಕಂಬಗಳ ಮೇಲೆ ನಿಲ್ಲಿಸಿ, ಅದರ ಕೆಳಗೆ ಓಡಾಡಿಕೊಂಡಿರುವ ಹಾಗೆ.

ಮರ ಕೊಳೆಯುವುದು ಹಳೆಯದಾಯಿತೆಂದಲ್ಲ, ತೇವ ಸಿಕ್ಕಿತೆಂದು. ಮರದಲ್ಲಿ ತೇವಾಂಶ ನೂರಕ್ಕೆ 20ಕ್ಕಿಂತ ಕಡಿಮೆಯಿದ್ದರೆ ಅದನ್ನು ತಿನ್ನುವ ಶಿಲೀಂಧ್ರಗಳು ಬೆಳೆಯಲಾರವು. ಆದರೆ ಕೊಬ್ಬರಿ ಅಟ್ಟದ ಕಸುಬೇ ತೇವವನ್ನು ಹೊರಗೆ ಬಿಡುವುದು. ಹಸಿ ತಿರುಳಿನಲ್ಲಿ ಅರ್ಧದಷ್ಟು ನೀರಿರುತ್ತದೆ, ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಉಳಿಯುವುದು ನೂರಕ್ಕೆ ಸುಮಾರು 6. ನಡುವಿನದೆಲ್ಲ ದಬ್ಬೆಗಳ ಸಂದಿನಿಂದಲೇ ದಾಟಿ ಹೋಗಬೇಕು. ಬಿರುಕು ಬಿಟ್ಟ ಕಾಯಿಯ ಹುಳಿನೀರು ತೊಟ್ಟಿಕ್ಕಿ ತೊಲೆಯ ಮೇಲೆ ಕೂರುತ್ತದೆ. ಅದರ ಮೇಲೆ ಗೆದ್ದಲು. ತೆಂಗಿನ ಮರದ್ದೇ ತೊಲೆಯಾದರೆ ಇನ್ನೂ ಬೇಗ. ತೆಂಗಿಗೆ ತೇಗದ ಹಾಗೆ ಚೇಗು ಇಲ್ಲ, ಗಟ್ಟಿತನವೆಲ್ಲ ಹೊರಸುತ್ತಿನಲ್ಲಿ, ಒಳಗೆ ಮೆತ್ತಗೆ. ನೆಲಕ್ಕೆ ತಾಕಿಸಿ ನಿಲ್ಲಿಸಿದರೆ ಎರಡು ಮೂರು ವರ್ಷದಲ್ಲಿ ಮಣ್ಣಾಗುತ್ತದೆ.

ನಮ್ಮ ತಾತ ಕಟ್ಟಿಸಿದ ಅಟ್ಟಕ್ಕೆ ಕಲ್ಲುಕಂಬ, ಬೇವಿನ ತೊಲೆ, ಅಡಿಕೆ ದಬ್ಬೆ. ದಬ್ಬೆಗಳು ಎಷ್ಟು ಸಲ ಬದಲಾಗಿವೆಯೋ ಲೆಕ್ಕವಿಲ್ಲ. ತೊಲೆಗಳು ಮಾತ್ರ ಮೊದಲಿನವೇ. ಎರಡು ಮಳೆಗಾಲದ ಹಿಂದೆ ಕಾಯಿ ಸುರಿಯಲು ಹತ್ತಿದ್ದ ಕೂಲಿಯವರೊಬ್ಬರ ಕಾಲು ದಬ್ಬೆ ಸೀಳಿಕೊಂಡು ಒಳಗಿಳಿಯಿತು. ತೊಡೆಗೆ ಹೊಲಿಗೆ ಬಿತ್ತು, ತಿಂಗಳು ಕೆಲಸ ತಪ್ಪಿತು. ಅಟ್ಟ ಮನೆಯವರದು, ಮುರಿದದ್ದು ಅವರ ಕಾಲು. ಅಂದಿನಿಂದ ಮನೆಯಲ್ಲಿ ಒಂದೇ ಮಾತು: ಈ ಸಲ ಯಾವುದರಲ್ಲಿ ಮಾಡಿಸುವುದು?

ಅಪ್ಪನಿಗೆ ಮರವೇ ಬೇಕು. ಚಿಕ್ಕಪ್ಪನದು ಕಬ್ಬಿಣದ ಆಂಗಲ್ಲು, ಮೇಲೆ ಜಾಲರಿ. ಪಕ್ಕದ ತೋಟದವರು ಆರ್‌ಸಿಸಿ ಹಾಕಿಸಿ ಅಲ್ಲಲ್ಲಿ ತೂತು ಬಿಡಿಸಿದ್ದರು. ಬೆಂಗಳೂರಿನಲ್ಲಿರುವ ಅಣ್ಣ ಮರದ ಪುಡಿ ಮತ್ತು ಪ್ಲಾಸ್ಟಿಕ್ಕು ಬೆರೆಸಿ ಮಾಡಿದ ಹಲಗೆಯ ವಿಡಿಯೊ ಕಳಿಸಿದ. ನೋಡಲು ಮರದ ಹಾಗೇ ಇದೆ, ಗೆದ್ದಲು ಮುಟ್ಟುವುದಿಲ್ಲ, ಬಣ್ಣ ಬಳಿಯಬೇಕಿಲ್ಲ. ಬಾಲ್ಕನಿಗೆ ಒಳ್ಳೆಯದೇ. ಆದರೆ ವರ್ಷವಿಡೀ ಒಂದೇ ಸಮನೆ ಭಾರ ಹೊತ್ತರೆ ಅಂಥ ಹಲಗೆ ಮೆಲ್ಲಗೆ ಬಾಗುತ್ತದೆ, ಬಾಗಿದ್ದು ಹಿಂದಕ್ಕೆ ಬರುವುದಿಲ್ಲ. ಆರ್‌ಸಿಸಿಯಲ್ಲಿ ತೂತು ಎಷ್ಟು ಬಿಟ್ಟರೂ ದಬ್ಬೆಯಷ್ಟು ಗಾಳಿಯಿಲ್ಲ. ಮೇಲಾಗಿ ಅದರೊಳಗಿನ ಸರಳಿಗೆ ತೇವ ತಗುಲಿದರೆ ತುಕ್ಕು ಉಬ್ಬಿ ಸಿಮೆಂಟನ್ನೇ ಒಡೆಯುತ್ತದೆ. ಹಾಳಾದ ದಬ್ಬೆಯನ್ನು ಒಂದೊಂದಾಗಿ ತೆಗೆಯಬಹುದು, ಹಾಳಾದ ಸ್ಲ್ಯಾಬನ್ನು ಇಡಿಯಾಗಿ ಕೆಡವಬೇಕು.

ಮರಕ್ಕೇ ಔಷಧಿ ಹೊಡೆಸಿ ಬಳಸುವ ದಾರಿಯೂ ಇದೆ. ಅದರ ಚರಿತ್ರೆ ನಮ್ಮ ದೇಶದ್ದೇ. 1933ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ವಿಜ್ಞಾನಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವೊಂದನ್ನು ರೂಪಿಸಿದರು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಹುಳುವನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರದೊಳಗೆ ಕಟ್ಟಿಹಾಕುತ್ತದೆ. ಜಗತ್ತಿನಾದ್ಯಂತ ವಿದ್ಯುತ್ ಕಂಬ, ಬೇಲಿಗೂಟ, ಸೇತುವೆಗಳ ಮರಕ್ಕೆಲ್ಲ ಇದು ಹೋಯಿತು. ಅಮೆರಿಕದಲ್ಲಿ ಮನೆಯ ಹಿತ್ತಲಿಗೆ ಮರದ ಜಗಲಿ ಕಟ್ಟಿಸುವ ರೂಢಿಯಿದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಂಥ ಜಗಲಿಗಳಿಗೂ ಮಕ್ಕಳ ಆಟದ ಕಟ್ಟೆಗಳಿಗೂ ಹೆಚ್ಚಾಗಿ ಬಳಕೆಯಾದದ್ದು ಈ ಮಿಶ್ರಣ ಹೊಡೆದ ಮರವೇ. ಕೊಳೆಯುವ ಚಿಂತೆ ತಪ್ಪಿತು. ಆಮೇಲೆ, ಮಕ್ಕಳು ಕೈಯೂರುವ ಹಲಗೆಯಿಂದ ಆರ್ಸೆನಿಕ್ ಹೊರಬರುತ್ತದೆ ಎಂಬ ಆತಂಕ ಎದ್ದಿತು. 2003ರ ಕೊನೆಗೆ ಅಲ್ಲಿನ ತಯಾರಕರು ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ನಿಲ್ಲಿಸಿದರು. ಕಾಮೇಶಂ ಅವರ ಶೋಧ ದೊಡ್ಡದೇ. ಕೊಳೆತು ಹೋಗಬೇಕಿದ್ದ ಎಷ್ಟೋ ಮರವನ್ನು, ಅಂದರೆ ಮತ್ತೆ ಕಡಿಯಬೇಕಿದ್ದ ಎಷ್ಟೋ ಮರವನ್ನು ಅದು ಉಳಿಸಿತು. ಆದರೆ ಅದು ಅಟ್ಟದ ಅಪಾಯವನ್ನು ಅಳಿಸಲಿಲ್ಲ, ಕಣ್ಣಿಗೆ ಕಾಣುವ ಅಪಾಯವನ್ನು ಕಾಣದ ಅಪಾಯವನ್ನಾಗಿ ಬದಲಿಸಿತು. ಕೊಳೆತ ಹಲಗೆ ಕಿರುಗುಟ್ಟಿ ಮುನ್ಸೂಚನೆ ಕೊಡುತ್ತದೆ, ಆರ್ಸೆನಿಕ್ ಸದ್ದು ಮಾಡುವುದಿಲ್ಲ. ತಿನ್ನುವ ವಸ್ತುವನ್ನು ವರ್ಷಗಟ್ಟಲೆ ಇಡುವ ಅಟ್ಟಕ್ಕೆ ಅದು ಬೇಡವೆಂದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಉಳಿದದ್ದು ಕಬ್ಬಿಣ. ತುಕ್ಕು ಹಿಡಿಯದಂತೆ ಅದಕ್ಕೆ ಸತುವಿನ ಲೇಪ ಕೊಡುತ್ತಾರೆ, ನಾವು ಜಿಐ ಎನ್ನುವುದು ಅದನ್ನೇ. ಅದರ ಕೆಲಸದ ರೀತಿ ನನಗೆ ಬಹಳ ಯೋಚನೆಗೆ ಹಚ್ಚಿತು. ಸತು ಕಬ್ಬಿಣಕ್ಕೆ ಬರೀ ಹೊದಿಕೆಯಲ್ಲ. ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಸುತ್ತಲಿನ ಸತು ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನೋಡಿಕೊಳ್ಳಬೇಕಿಲ್ಲ ಎಂದು ನಾವು ನೆಮ್ಮದಿಯಾಗಿರುವ ಅಷ್ಟೂ ವರ್ಷ ಅಲ್ಲಿ ಒಂದು ಲೋಹ ಸದ್ದಿಲ್ಲದೆ ತೀರುತ್ತಿರುತ್ತದೆ. ತೀರಿದ ದಿನ ತುಕ್ಕು ಶುರು.

ಕಬ್ಬಿಣ ಬರುವುದಾದರೂ ಎಲ್ಲಿಂದ? ಈ ಪ್ರಶ್ನೆಗೆ ನಮ್ಮ ತಾಲ್ಲೂಕಿನವರು ದೂರ ಹುಡುಕಬೇಕಿಲ್ಲ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರನ್ನು ಬಗೆದ ಗಾಯಗಳು ಇನ್ನೂ ಇವೆ. ನಾನು ಹೈಸ್ಕೂಲಿಗೆ ಹೋಗುವಾಗ ಅದಿರಿನ ಲಾರಿ ಓಡುತ್ತಿದ್ದ ದಾರಿಬದಿಯ ತೋಟಗಳಲ್ಲಿ ತೆಂಗಿನ ಗರಿ ಕೆಂಪಗಿರುತ್ತಿತ್ತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳ್ಳಾರಿಯಲ್ಲಿ ಅದಕ್ಕೆ ಒಂದು ತಿಂಗಳು ಮೊದಲೇ ನಿಲ್ಲಿಸಿತ್ತು. ನಮ್ಮ ಅಟ್ಟಕ್ಕೆ ಬರುವ ಆಂಗಲ್ಲು ಆ ಗುಡ್ಡಗಳದ್ದೇ ಎಂದು ನಾನು ಹೇಳುತ್ತಿಲ್ಲ. ಯಾವುದೋ ಒಂದು ಊರಿನ ಗುಡ್ಡದ್ದು, ಅಷ್ಟಂತೂ ನಿಜ. ಅಲ್ಲಿಯೂ ಯಾರದೋ ತೋಟದ ಗರಿ ಕೆಂಪಗಾಗಿರುತ್ತದೆ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇದು: ಆರೈಕೆ ಬೇಡದ ವಸ್ತು ಎಂಬುದಿಲ್ಲ. ಆರೈಕೆಯನ್ನು ಬೇರೆ ಕಡೆಗೆ ಸರಿಸಿದ ವಸ್ತು ಇದೆ. ಕೆಲವೊಮ್ಮೆ ಅದು ಬೇರೆ ಊರಿಗೆ ಸರಿಯುತ್ತದೆ, ಅದಿರಿನ ಹಾಗೆ. ಕೆಲವೊಮ್ಮೆ ಮುಂದಿನ ತಲೆಮಾರಿಗೆ ಸರಿಯುತ್ತದೆ, ಕೆಡವಲಾಗದ ಸ್ಲ್ಯಾಬಿನ ಹಾಗೆ, ಎಸೆಯಲು ಜಾಗವಿಲ್ಲದ ಪ್ಲಾಸ್ಟಿಕ್ ಹಲಗೆಯ ಹಾಗೆ. ಕೆಲವೊಮ್ಮೆ ಅದೇ ಮನೆಯೊಳಗೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಸರಿಯುತ್ತದೆ. ಈ ಕೊನೆಯದನ್ನು ನಾವು ಹೆಚ್ಚು ಗಮನಿಸುವುದಿಲ್ಲ.

ಬೇವಿನ ತೊಲೆ ಇಷ್ಟು ವರ್ಷ ಬಾಳಿಕೆ ಬಂದದ್ದಕ್ಕೆ ಬೇವಿನ ಕಹಿ ಒಂದು ಕಾರಣ. ಇನ್ನೊಂದು ಕಾರಣ ಒಲೆ. ಹಳೆಯ ಮನೆಯಲ್ಲಿ ಅಟ್ಟಕ್ಕೆ ಹೊಂದಿಕೊಂಡೇ ಅಡುಗೆಮನೆ. ಸೌದೆ ಒಲೆಯ ಹೊಗೆ ಅಟ್ಟದಡಿ ಸುತ್ತಾಡಿ ಹೆಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಆ ಬಿಸಿ ತೇವವನ್ನು ಒಣಗಿಸುತ್ತಿತ್ತು, ಆ ಕಾಡಿಗೆ ಹುಳುವನ್ನು ದೂರವಿಡುತ್ತಿತ್ತು. ದಿನಕ್ಕೆ ಮೂರು ಹೊತ್ತು ಪುಕ್ಕಟೆ ಔಷಧಿ. ಆ ಹೊಗೆಯ ಮುಂದೆ ನಲವತ್ತು ವರ್ಷ ಕೂತವರು ಅಜ್ಜಿ. ಅಟ್ಟವನ್ನು ಕಾದ ಹೊಗೆಯೇ ಅವರ ಎದೆಯನ್ನು ತಿಂದಿತು. ಗ್ಯಾಸ್ ಒಲೆ ಬಂದ ಮೇಲೆ ಮನೆಯಲ್ಲಿ ಕೆಮ್ಮು ಕಡಿಮೆಯಾಯಿತು, ತೊಲೆಯಲ್ಲಿ ಗೆದ್ದಲು ಹೆಚ್ಚಾಯಿತು. ಹಿಂದಿನವರ ಅಟ್ಟ ಎಷ್ಟು ಗಟ್ಟಿ ಎಂದು ಹೊಗಳುವವರು ಬೇವನ್ನು ನೆನೆಯುತ್ತಾರೆ, ಆಚಾರಿಯನ್ನು ನೆನೆಯುತ್ತಾರೆ. ಅಜ್ಜಿಯ ಪುಪ್ಪುಸದ ಲೆಕ್ಕ ಅದರಲ್ಲಿ ಸೇರುವುದಿಲ್ಲ.

ಆರೈಕೆಯ ಬಗ್ಗೆ ಬರೆಯುವಾಗ ನಮ್ಮಂಥ ಓದುವವರು ಬೇಗ ಭಾವುಕರಾಗುತ್ತೇವೆ. ಕೊಳೆಯುವುದು ಪ್ರಕೃತಿ, ಮತ್ತೆ ಕಟ್ಟುವುದು ಸಂಸ್ಕೃತಿ ಎಂದೆಲ್ಲ ಹೇಳಲು ಸುಲಭ. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಕಟ್ಟುತ್ತಾರೆ. ಕಳೆದ ಸಲ ಕಟ್ಟಿದ್ದು 2013ರಲ್ಲಿ. ಇದನ್ನು ಉದಾಹರಿಸದ ಪ್ರಬಂಧವೇ ಅಪರೂಪ. ಆದರೆ ನಮ್ಮ ಮಲೆನಾಡು, ಕರಾವಳಿಯ ಹಳ್ಳಿಗಳಲ್ಲೂ ಹಾಗೆ ಮತ್ತೆ ಮತ್ತೆ ಕಟ್ಟುವ ಒಂದು ವಸ್ತು ಇದೆ: ಕಾಲುಸಂಕ. ಅಡಿಕೆಯದೋ ಕಾಡುಮರದ್ದೋ ಎರಡು ದಿಮ್ಮಿ ಹಳ್ಳಕ್ಕೆ ಅಡ್ಡ ಹಾಕಿ, ಪಕ್ಕಕ್ಕೆ ಕೈಹಿಡಿಯಲು ಗಳು ಕಟ್ಟಿದರೆ ಆಯಿತು. ಊರವರೇ ಸೇರಿ ಕಟ್ಟುತ್ತಾರೆ, ಮಳೆಗೆ ಕೊಳೆಯುತ್ತದೆ, ಮತ್ತೆ ಕಟ್ಟುತ್ತಾರೆ. ಕೇಳಲು ಚೆಂದ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಅಂಥ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಆ ತಾಯಿಯ ಎದುರು ನಿಂತು ನಶ್ವರತೆಯ ಸೊಬಗಿನ ಬಗ್ಗೆ ಮಾತಾಡುವ ಧೈರ್ಯ ಯಾವ ತತ್ವಕ್ಕೂ ಇರಬಾರದು. ಕಾಲುಸಂಕಗಳ ಜಾಗದಲ್ಲಿ ಸೇತುವೆ ಕಟ್ಟಲು ರಾಜ್ಯ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನೇ ತಂದಿತು. ಅದಕ್ಕೂ ಬಹಳ ಮೊದಲು, 1989ರಲ್ಲಿ, ಸುಳ್ಯದ ಗಿರೀಶ್ ಭಾರದ್ವಾಜ್ ಅರಂಬೂರಿನಲ್ಲಿ ಪಯಸ್ವಿನಿಗೆ ಉಕ್ಕಿನ ಹಗ್ಗದ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥವು ನೂರಕ್ಕೂ ಹೆಚ್ಚು ಆದವು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಉಕ್ಕೂ ಯಾವುದೋ ಗುಡ್ಡದ್ದೇ. ಆದರೂ ಅಲ್ಲಿ ಅದರ ಖರ್ಚಿಗೆ ಅರ್ಥವಿದೆ: ಅದು ಬಿದ್ದರೆ ಜೀವ ಹೋಗುತ್ತದೆ.

ಹಾಗಾದರೆ ಒಂದು ಎಳೆ ಸಿಕ್ಕಿತು. ಎಲ್ಲಿ ಮುರಿದರೆ ಮನುಷ್ಯರ ಮೇಲೆ ಬೀಳುತ್ತದೋ ಅಲ್ಲಿ ಗಟ್ಟಿಯಾದದ್ದನ್ನೇ ಬಯಸಬೇಕು, ಅದಕ್ಕೆ ನಾಚಬೇಕಿಲ್ಲ. ಆದರೆ ಗಟ್ಟಿಯಾದದ್ದಕ್ಕೂ ಯಾರಾದರೂ ಬೇಕು ಎಂಬುದು ಎರಡನೆಯ ಎಳೆ. ಇದನ್ನು ನನಗೆ ಕಲಿಸಿದ್ದು ಶಾಸನಗಳು.

ನನ್ನ ಪಿಎಚ್‌ಡಿ ಕೆಲಸಕ್ಕಾಗಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ದಿನವೂ ತಿರುವುತ್ತೇನೆ. ದಾನಶಾಸನಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಸಿಗುತ್ತವೆ. ಒಂದು, ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂಬ ‘ಆಚಂದ್ರಾರ್ಕ’. ಇನ್ನೊಂದು ‘ಖಂಡಸ್ಫುಟಿತ ಜೀರ್ಣೋದ್ಧಾರ’, ಅಂದರೆ ಮುರಿದದ್ದು, ಬಿರಿದದ್ದು, ಹಳತಾದದ್ದನ್ನು ದುರಸ್ತಿ ಮಾಡಲು ಇಷ್ಟು ಭೂಮಿ ಬಿಟ್ಟಿದ್ದೇವೆ ಎಂಬುದು. ಎಷ್ಟೋ ಕಡೆ ಎರಡೂ ಒಂದೇ ಶಾಸನದಲ್ಲಿ ಬರುತ್ತವೆ. ಮೊದಲು ಓದಿದಾಗ ಇದು ವಿರೋಧಾಭಾಸ ಎನ್ನಿಸಿತ್ತು. ಕಲ್ಲಿನಲ್ಲೇ ಕಟ್ಟಿದ ಮೇಲೆ, ಸೂರ್ಯ ಚಂದ್ರರ ತನಕ ಎಂದ ಮೇಲೆ ದುರಸ್ತಿಯ ಮಾತೇಕೆ? ಓದುತ್ತಾ ಹೋದಂತೆ ಅದೇ ಸರಿಯಾದ ಲೆಕ್ಕ ಅನ್ನಿಸಿತು. ಕಟ್ಟಿಸಿದವರಿಗೆ ಕಲ್ಲಿನ ಬಗ್ಗೆ ಭ್ರಮೆಯಿರಲಿಲ್ಲ. ಉಳಿಯಬೇಕಾದರೆ ಒಂದು ಹೊಲ ಬೇಕು, ಅದರ ಬೆಳೆ ಬೇಕು, ಅದನ್ನು ತಂದು ಗಾರೆ ಕಲಸುವ ಕೈ ಬೇಕು ಎಂದು ಅವರಿಗೆ ಗೊತ್ತಿತ್ತು. ಕೆರೆಗಳಿಗೂ ಹೀಗೇ ಭೂಮಿ ಬಿಡುತ್ತಿದ್ದರು. ವಸ್ತುವನ್ನು ಕಟ್ಟಿಸುವಾಗಲೇ ಅದರ ಆರೈಕೆಗೂ ಬಾಬತ್ತು ತೆಗೆದಿಡುವ ಈ ಪದ್ಧತಿ ‘ಮೇಂಟೆನೆನ್ಸ್ ಇರಲ್ಲ’ ಎಂಬ ಮಾತಿಗಿಂತ ಪ್ರಾಮಾಣಿಕವಾದದ್ದು.

ಅಲ್ಲಿಗೇ ನಿಲ್ಲಿಸಿದರೆ ಮತ್ತೆ ಭಾವುಕತೆಯೇ. ಭೂಮಿ ಬಿಟ್ಟವರ ಹೆಸರು, ಅವರ ವಂಶ, ಬಿರುದು ಎಲ್ಲ ಕಲ್ಲಿನ ಮೇಲಿವೆ. ಬಿರುಕಿಗೆ ಗಾರೆ ಮೆತ್ತಿದವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಕೆರೆಯ ತೂಬು ನೋಡಿಕೊಂಡು ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರಗಂಟಿಗಳು ಹಳೆ ಮೈಸೂರು ಸೀಮೆಯ ಬಹಳ ಹಳ್ಳಿಗಳಲ್ಲಿ ದಲಿತರು. ಅವರು ಕಾಯ್ದ ನೀರು ಹರಿಯುತ್ತಿದ್ದ ಗದ್ದೆ ಹೆಚ್ಚಾಗಿ ಬೇರೆಯವರದು. ಆ ಆರೈಕೆಯನ್ನು ಅವರು ಆರಿಸಿಕೊಂಡದ್ದಲ್ಲ, ಹುಟ್ಟಿನ ಜೊತೆಗೆ ಅವರ ಹೆಗಲಿಗೆ ಬಂದದ್ದು. ಆರೈಕೆ ದೊಡ್ಡ ಮೌಲ್ಯ ಎನ್ನುವ ಮೊದಲು ಅದನ್ನು ಯಾರು ಯಾರಿಗೆ ವಹಿಸಿದರು ಎಂದು ಕೇಳದಿದ್ದರೆ ನಾವು ಜಾತಿಯನ್ನೇ ಹೊಗಳಿಬಿಡುವ ಅಪಾಯವಿದೆ. ಹಾಗಿರುವಾಗ ಯಂತ್ರ ಬಂತು, ಕಬ್ಬಿಣ ಬಂತು, ಇನ್ನು ಆ ಕೆಲಸ ಬೇಡ ಎನ್ನುವವರ ಮಾತಿನಲ್ಲಿ ಸೋಮಾರಿತನ ಕಾಣುವುದು ನೋಡುವವರ ತೊಂದರೆ.

ಹಾನಾ ಅರೆಂಟ್ 1958ರಲ್ಲಿ ಪ್ರಕಟವಾದ ‘ದಿ ಹ್ಯೂಮನ್ ಕಂಡಿಷನ್’ ಪುಸ್ತಕದಲ್ಲಿ ದುಡಿಮೆಯನ್ನೂ ನಿರ್ಮಾಣವನ್ನೂ ಬೇರೆ ಮಾಡಿ ನೋಡುತ್ತಾಳೆ. ಅಡುಗೆ, ಗುಡಿಸುವುದು, ತೊಳೆಯುವುದು ದುಡಿಮೆ. ಮಾಡಿದ್ದು ಉಳಿಯುವುದಿಲ್ಲ, ನಾಳೆ ಮತ್ತೆ ಮಾಡಬೇಕು. ಮೇಜು, ಮನೆ, ಸೇತುವೆ ನಿರ್ಮಾಣ. ಅವು ನಿಂತು ಮನುಷ್ಯರಿಗೆ ಒಂದು ಲೋಕವನ್ನು ಕೊಡುತ್ತವೆ. ಆ ಲೋಕವನ್ನು ಕೊಳೆಯದಂತೆ ಕಾಯುವ ಕೆಲಸವನ್ನೂ ಅವಳು ದುಡಿಮೆಯ ಸಾಲಿಗೇ ಸೇರಿಸುತ್ತಾಳೆ, ಅದರ ಬೇಸರವನ್ನೂ ಗುರುತಿಸುತ್ತಾಳೆ. ನಮ್ಮ ಅಟ್ಟವನ್ನು ಈ ವಿಂಗಡಣೆಯಲ್ಲಿಟ್ಟರೆ ತಾತ ನಿರ್ಮಾಪಕ, ಅಜ್ಜಿ ಮತ್ತು ಅಮ್ಮ ದುಡಿಮೆಗಾರರು. ‘ತಾತ ಕಟ್ಟಿಸಿದ ಅಟ್ಟ’ ಎಂದು ನಾನೂ ಮೇಲೆ ಬರೆದೆ. ಮನೆಯಲ್ಲಿ ಎಲ್ಲರೂ ಹಾಗೇ ಕರೆಯುವುದು. ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ತಾಯಿಯಾದ ಮೇಲೆ, 1969ರಲ್ಲಿ, ನಿರ್ವಹಣೆಯ ಕೆಲಸವೇ ಕಲೆ ಎಂದು ಒಂದು ಪ್ರಣಾಳಿಕೆ ಬರೆದಳು. ಹತ್ತು ವರ್ಷದ ಮೇಲೆ ಆ ನಗರದ ಎಂಟೂವರೆ ಸಾವಿರ ಪೌರಕಾರ್ಮಿಕರ ಕೈಕುಲುಕಿ, ನಗರವನ್ನು ಬದುಕಿಸಿಟ್ಟದ್ದಕ್ಕೆ ಒಬ್ಬೊಬ್ಬರಿಗೂ ವಂದನೆ ಹೇಳಿದಳು. ಅದು ಘನವಾದ ಕೆಲಸ. ಆದರೆ ವಂದನೆಯ ಮಾರನೆಯ ದಿನವೂ ಕಸ ಎತ್ತಬೇಕಾದವರು ಅವರೇ. ಗೌರವ ಬೇಕು, ಅದು ಭಾರವನ್ನು ಇಳಿಸುವುದಿಲ್ಲ.

ನಮ್ಮ ಮನೆಯ ವಾದದಲ್ಲಿ ಕೊನೆಯವರೆಗೂ ಮಾತಾಡದೆ ಇದ್ದವರು ಅಮ್ಮ. ಅಟ್ಟದಡಿಯ ಧೂಳು ಗುಡಿಸುವುದು, ಒಡೆದ ಕಾಯಿ ಹೆಕ್ಕಿ ತೆಗೆಯುವುದು, ಗೆದ್ದಲಿನ ದಾರಿ ಕೆರೆಯುವುದು, ವರ್ಷಕ್ಕೊಮ್ಮೆ ತೊಲೆಗೆ ಸುಟ್ಟ ಆಯಿಲ್ ಬಳಿಯುವುದು ಎಲ್ಲ ಅವರದೇ. ಮರವೋ ಕಬ್ಬಿಣವೋ ಎಂದು ಎಲ್ಲರೂ ಬಳಲಿದ ಮೇಲೆ ಅವರು ಹೇಳಿದ್ದು ಇಷ್ಟು: “ಯಾವ್ದರಲ್ಲಾದ್ರೂ ಮಾಡ್ಸಿ. ನಾನು ಸತ್ತ ಮೇಲೂ ಇರೋ ಅಟ್ಟ ಕಟ್ಕಂಡು ನಂಗೇನಾಗ್ಬೇಕು? ನಾನಿರೋಗಂಟ ನನ್ ಕೈಗೆ ಎಟುಕ್ಬೇಕು. ಇನ್ ಮೇಲೆ ಏಣಿ ಹತ್ತಕ್ಕಾಗಲ್ಲ ಕಣಮ್ಮ.”

ಅಲ್ಲಿಯವರೆಗೆ ನಾವೆಲ್ಲ ವಸ್ತುವಿನ ಆಯಸ್ಸನ್ನು ಅಳೆಯುತ್ತಿದ್ದೆವು. ಅವರು ಎತ್ತರವನ್ನು ಕೇಳಿದರು. ಅಟ್ಟ ಏಳಡಿ ಎತ್ತರದಲ್ಲೇ ಯಾಕಿರಬೇಕು? ಅಡಿಯಲ್ಲಿ ಗಾಳಿಯಾಡಲು ಮೂರಡಿ ಸಾಕು. ಏಳಡಿ ಇದ್ದದ್ದು ಕೆಳಗಿನ ಜಾಗ ಬೇರೆ ಸಾಮಾನಿಗೆ, ದನಕ್ಕೆ ಬೇಕಿದ್ದ ಕಾಲದ ಲೆಕ್ಕ. ದನ ಹೋಗಿ ಹತ್ತು ವರ್ಷವಾಗಿತ್ತು, ಲೆಕ್ಕ ಮಾತ್ರ ಹಾಗೇ ಉಳಿದಿತ್ತು.

ಕೊನೆಗೆ ಮಾಡಿಸಿದ್ದು ಹೀಗೆ. ಕಲ್ಲುಕಂಬಗಳನ್ನು ಕುಗ್ಗಿಸಿ ಅವನ್ನೇ ಉಳಿಸಿಕೊಂಡೆವು. ಭಾರ ಹೊರುವ ತೊಲೆಗಳ ಜಾಗಕ್ಕೆ ಕಬ್ಬಿಣದ ಆಂಗಲ್ಲು ಬಂತು. ಅದನ್ನು ವೆಲ್ಡ್ ಮಾಡಿಸದೆ ನಟ್ಟು ಬೋಲ್ಟಿನಲ್ಲಿ ಕೂರಿಸಿದೆವು. ಒಂದು ಹಾಳಾದರೆ ಒಂದನ್ನೇ ಬಿಚ್ಚಬಹುದು, ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಬಿಚ್ಚಬಹುದು. ಮೇಲೆ ಅಡಿಕೆ ದಬ್ಬೆಯೇ, ಆದರೆ ಒಬ್ಬರೇ ಎತ್ತಬಹುದಾದ ಸಣ್ಣ ಚೌಕಟ್ಟುಗಳಲ್ಲಿ. ಎತ್ತರ ಅಮ್ಮನ ಸೊಂಟದ ಮಟ್ಟ, ಅಗಲ ಎರಡು ಕಡೆಯಿಂದ ಕೈ ಚಾಚಿದರೆ ಮುಟ್ಟುವಷ್ಟು. ಇದಕ್ಕೆ ಬೆಲೆಯೂ ತೆತ್ತಿದ್ದೇವೆ. ಮೊದಲು ಹಿಡಿಯುತ್ತಿದ್ದ ಕಾಯಿಯಲ್ಲಿ ಮೂರನೇ ಒಂದು ಪಾಲು ಇದರಲ್ಲಿ ಹಿಡಿಯುವುದಿಲ್ಲ. ಅಷ್ಟನ್ನು ಹಸಿಕಾಯಿಯಾಗಿಯೇ, ಆ ದಿನದ ಬೆಲೆಗೇ ಕೊಡಬೇಕು. ಅಪ್ಪನಿಗೆ ಈ ಲೆಕ್ಕ ಈಗಲೂ ಒಪ್ಪಿಗೆಯಾಗಿಲ್ಲ. ಕೊಬ್ಬರಿಯ ಬೆಲೆ ಏರಿದಾಗಲೆಲ್ಲ ಹೇಳುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿದೆ, ಏಕೆಂದರೆ ಆ ಹಣ ಬರೀ ಅವರದಲ್ಲ.

ಇದನ್ನೊಂದು ಮಾದರಿಯೆಂದು ನಾನು ಹೇಳುತ್ತಿಲ್ಲ. ಬೇರೆ ಮನೆಯಲ್ಲಿ ಬೇರೆ ಉತ್ತರ ಸರಿಯಿರಬಹುದು. ಗಂಡ ಹೆಂಡತಿ ಇಬ್ಬರೇ ಉಳಿದ, ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ರಾಗಿ ಬೆಳೆಯುತ್ತಿದ್ದ ಹೊಲಗಳು ತೆಂಗಿನ ತೋಟಗಳಾದದ್ದಕ್ಕೂ ಇದೇ ಒಂದು ಕಾರಣ. ತೆಂಗು ಅಷ್ಟು ಆಳು ಕೇಳುವುದಿಲ್ಲ, ಒಮ್ಮೆ ನೆಟ್ಟರೆ ಎರಡು ತಲೆಮಾರು ಕಾಯಿ ಕೊಡುತ್ತದೆ ಎಂದು ನಂಬಿದ್ದರು. ಆಮೇಲೆ ನುಸಿ ಪೀಡೆ ಬಂತು, ಕಪ್ಪುತಲೆ ಹುಳು ಬಂತು, ಅಣಬೆ ರೋಗ ಬಂತು, ಬೋರ್‌ವೆಲ್ಲುಗಳು ಬತ್ತಿದವು. ಮರೆತುಬಿಡಬಹುದೆಂದು ನೆಟ್ಟ ಮರವೇ ಸುಳಿ ಬಾಗಿಸಿ ನೆನಪು ಮಾಡಿತು. ನೋಡಿಕೊಳ್ಳಬೇಕಿಲ್ಲದ ವಸ್ತುವಿನ ಆಸೆಯ ಹಿಂದೆ ಬಹಳ ಸಲ ಇರುವುದು ನೋಡಿಕೊಳ್ಳುವವರು ಇಲ್ಲ ಎಂಬ ಸಂಕಟ. ಊರು ಬಿಟ್ಟ ನಮ್ಮಂಥವರು ಅಪ್ಪ ಅಮ್ಮನಿಗೆ ‘ಮೇಂಟೆನೆನ್ಸ್ ಇಲ್ಲದ್ದು ಹಾಕಿಸಿ’ ಎಂದು ಫೋನಿನಲ್ಲಿ ಹೇಳುವಾಗ ಅದರಲ್ಲಿ ಅಕ್ಕರೆಯೂ ಇದೆ, ನಾವು ಬರುವುದಿಲ್ಲ ಎಂಬ ಸುದ್ದಿಯೂ ಇದೆ.

ಆದ್ದರಿಂದ ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬೇಕೆನ್ನಿಸುತ್ತದೆ. ಇದು ಯಾರ ಕೈಯಿಂದ ಕೆಲಸವನ್ನು ಇಳಿಸುತ್ತದೆ, ಯಾರ ಕೈಗೆ ಏರಿಸುತ್ತದೆ? ಏರಿಸಿಕೊಳ್ಳುವವರನ್ನು ಒಂದು ಮಾತು ಕೇಳಿದ್ದೇವೆಯೇ? ಎಲ್ಲರನ್ನೂ ಕೇಳಲು ಆಗುವುದಿಲ್ಲ. ಅದಿರಿನ ಗುಡ್ಡದ ಕೆಳಗಿನವರು ನಮಗೆ ಗೊತ್ತಿಲ್ಲ, ಮುಂದಿನ ತಲೆಮಾರಿನವರು ಇನ್ನೂ ಹುಟ್ಟಿಲ್ಲ. ಅವರ ಪಾಲಿಗೆ ನಾವು ಮಾಡಬಹುದಾದದ್ದು, ಬೇಕಾದಷ್ಟೇ ಕಬ್ಬಿಣ ತರುವುದು, ಬಿಚ್ಚಲು ಬರುವ ಹಾಗೆ ಕೂಡಿಸುವುದು. ಆದರೆ ಕಣ್ಣೆದುರೇ ಪೊರಕೆ ಹಿಡಿದು ನಿಂತವರನ್ನು ಕೇಳಲು ಯಾವ ಅಡ್ಡಿಯೂ ಇಲ್ಲ.

ಈಗಿನ ದಬ್ಬೆಗಳು ಐದಾರು ವರ್ಷ ಬಂದರೆ ಹೆಚ್ಚು. ಅಷ್ಟರೊಳಗೆ ಒಂದೊಂದಾಗಿ ಕೊಳೆಯುತ್ತವೆ, ಒಂದೊಂದಾಗಿ ಬದಲಾಗಬೇಕು. ಅಡಿಕೆ ಮರ ಎಲ್ಲಿ ಸಿಗುತ್ತದೆ, ಸೀಳುವವರು ಯಾರು, ಕೂಲಿ ಎಷ್ಟು ಎಂದು ಅಮ್ಮ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದಕ್ಕೆಂದು ಪ್ರತಿ ಸಲ ಕೊಬ್ಬರಿ ಮಾರಿದಾಗ ಒಂದಿಷ್ಟು ಹಣವನ್ನು ಬೇರೆ ಎತ್ತಿಡುತ್ತಾರೆ. ಆ ಹಣವನ್ನು ಬೇರೆ ಯಾವುದಕ್ಕೂ ಮುಟ್ಟಕೂಡದೆಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದಾರೆ.